ಕಟ್ಟಿಂಗೇರಿಯಿಂದ ಪ್ಯಾರಿಸ್‌ವರೆಗೆ: ಚಿತ್ರ ಕಲಿಯಲು ಹೊರಟ ಕೆ.ಕೆ. ಹೆಬ್ಬಾರರ ಬದುಕು

ಹೆಬ್ರಿ: ಪಿಯುಸಿ ಫಲಿತಾಂಶ ಬಂದಾಯಿತು, ಇನ್ನು ಕಾಲೇಜು ಸೇರುವ ಗಡಿಬಿಡಿ. ಸಯನ್ಸ್ ಮುಗಿಸಿದವರು ಸಿಇಟಿ, ನೀಟ್ ಎಂದು ಓಡಾಡುತ್ತಿದ್ದಾರೆ. ಕಾಮರ್ಸ್‌ನವರಿಗೆ ಬಿಕಾಂ, ಸಿಎ ಎಂಬ ದಾರಿ ಉಂಟು. ಇದರ ನಡುವೆ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಮಗಳೋ ಮಗನೋ ತನಗೆ ಚಿತ್ರಕಲೆಯನ್ನೇ ಕಲಿಯಬೇಕು ಎಂದು ಹೇಳಿ ಹಿರಿಯರನ್ನು ಚಿಂತೆಗೆ ಹಾಕುತ್ತಾರೆ. ಚಿತ್ರ ಬಿಡಿಸಿದರೆ ಹೊಟ್ಟೆ ತುಂಬುತ್ತದಾ ಎಂದು ಅಪ್ಪ ಅಮ್ಮ ಕೇಳಿಯೇ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಫೀಸು ಕಟ್ಟುವವರು ಅವರೇ ಅಲ್ವಾ?

ಈ ಪ್ರಶ್ನೆಗೆ ನಮ್ಮ ಜಿಲ್ಲೆಯವರೇ ಒಬ್ಬರು ತಮ್ಮ ಬದುಕಿನಲ್ಲೇ ಉತ್ತರ ಕೊಟ್ಟು ಹೋಗಿದ್ದಾರೆ. ಅವರೇ ಕಲಾವಿದ ಕೆ.ಕೆ. ಹೆಬ್ಬಾರ್. ಜೂನ್ 15 ಅವರು ಹುಟ್ಟಿದ ದಿನ. ಪದ್ಮಶ್ರೀ, ಪದ್ಮಭೂಷಣ ಎಂದು ಅವರ ಹೆಸರಿನ ಮುಂದೆ ಹೇಳುವುದು ನಮಗೆಲ್ಲ ಗೊತ್ತು. ಆದರೆ ಅವರು ಚಿತ್ರಕಲೆಯನ್ನು ಎಲ್ಲಿ ಕಲಿತರು, ಎಷ್ಟು ವರ್ಷ ಕಲಿತರು, ಹೊಟ್ಟೆಪಾಡಿಗೆ ಏನು ಮಾಡಿದರು ಎಂಬ ಕಡೆಗೆ ನಾವು ಅಷ್ಟಾಗಿ ಗಮನ ಕೊಟ್ಟದ್ದಿಲ್ಲ. ಮಕ್ಕಳನ್ನು ಕಾಲೇಜಿಗೆ ಸೇರಿಸುವ ಈ ಹೊತ್ತಿನಲ್ಲಿ ತಿಳಿಯಬೇಕಾದದ್ದು ಅದೇ.

ಹೆಸರಿನಲ್ಲೇ ಊರು

ಕೆ.ಕೆ. ಅಂದರೆ ಕಟ್ಟಿಂಗೇರಿ ಕೃಷ್ಣ. ಊರಿನ ಹೆಸರನ್ನು ಮುಂದೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಮೂಡುಬೆಳ್ಳೆಗೆ ತಾಗಿಕೊಂಡಿರುವ ಕಟ್ಟಿಂಗೇರಿ ಈಗ ಕಾಪು ತಾಲೂಕಿನ ಬೆಳ್ಳೆ ಗ್ರಾಮ ಪಂಚಾಯತ್‌ಗೆ ಸೇರಿದೆ. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ. ಆಗ ಕಾಪು ತಾಲೂಕೂ ಇಲ್ಲ, ಹೆಬ್ರಿ ತಾಲೂಕೂ ಇಲ್ಲ, ಉಡುಪಿ ಜಿಲ್ಲೆಯೂ ಇಲ್ಲ. ನಮ್ಮ ಈ ಭಾಗವೆಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹೆಬ್ಬಾರರು ಅದಕ್ಕೂ ಒಂದು ವರ್ಷ ಮುಂಚೆ, 1996ರ ಮಾರ್ಚ್ 26ರಂದು ಮುಂಬೈಯಲ್ಲಿ ತೀರಿಕೊಂಡಿದ್ದರು. ಹಾಗಾಗಿ ನಮ್ಮ ಜಿಲ್ಲೆಯ ಹೆಮ್ಮೆ ಎಂದು ನಾವು ಹೇಳುವ ಈ ಮನುಷ್ಯ ಉಡುಪಿ ಜಿಲ್ಲೆಯನ್ನು ಕಂಡದ್ದೇ ಇಲ್ಲ.

ಮನೆಮಾತು ತುಳು. ಹುಟ್ಟಿದ್ದು ಹಳ್ಳಿಯ ಬ್ರಾಹ್ಮಣ ಮನೆಯಲ್ಲಿ. ಆ ಕಾಲದ ಕಟ್ಟಿಂಗೇರಿಯಲ್ಲಿ ಆರ್ಟ್ ಗ್ಯಾಲರಿ, ಚಿತ್ರಕಲಾ ಕಾಲೇಜು ಇರುವ ಮಾತೇ ಇಲ್ಲ. ಹಾಗೆಂದು ಊರಿನಲ್ಲಿ ಚಿತ್ರವೇ ಇರಲಿಲ್ಲ ಎಂದಲ್ಲ. ನಾಗಮಂಡಲವನ್ನೇ ನೋಡಿ. ನೆಲದ ಮೇಲೆ ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಎಂದು ಐದು ಬಣ್ಣದ ಹುಡಿಯಲ್ಲಿ ನಾಗನ ಸುರುಳಿ ಬರೆಯುತ್ತಾರೆ. ಹಳದಿಗೆ ಅರಸಿನ, ಅದಕ್ಕೇ ಸುಣ್ಣ ಸೇರಿದರೆ ಕೆಂಪು, ಹಸಿರಿಗೆ ಒಣಗಿಸಿದ ಎಲೆಯ ಹುಡಿ, ಕಪ್ಪಿಗೆ ಸುಟ್ಟ ಉಮಿ. ಕೈಯಿಂದ ಹುಡಿ ಬಿಡುತ್ತ ಹೋದಂತೆ ಗೆರೆ ತಾನಾಗಿ ಬಳುಕುತ್ತದೆ. ಬೆಳಗಾಗುವಾಗ ಮಂಡಲ ಅಳಿಸಿ ಹೋಗುತ್ತದೆ. ಭೂತದ ಅಣಿ, ಮುಖವರ್ಣಿಕೆ, ಯಕ್ಷಗಾನದ ಕೇದಗೆ ಮುಂದಲೆ, ಚೌತಿಯ ಮಣ್ಣಿನ ಗಣಪತಿ, ಎಲ್ಲವೂ ಬಣ್ಣ ಮತ್ತು ಗೆರೆಯ ಕೆಲಸವೇ. ನಾವು ಇದನ್ನು ಕಲೆ ಎಂದು ಹೆಸರಿಟ್ಟು ನೋಡುವುದಿಲ್ಲ, ಅಷ್ಟೇ. ಮುಂದೆ ಹೆಬ್ಬಾರರ ಕ್ಯಾನ್ವಾಸಿನ ಮೇಲೆ ಬಂದದ್ದು ಇವೇ. ಆದರೆ ಅದಕ್ಕೆ ಬಹಳ ವರ್ಷ ಹಿಡಿಯಿತು.

ಬೊಂಬಾಯಿಯ ಜೆ.ಜೆ. ಶಾಲೆ

ಕರಾವಳಿಯವರಿಗೆ ಬೊಂಬಾಯಿ ಅಂದರೆ ಹೋಟೆಲು. ಸಣ್ಣ ಪ್ರಾಯದಲ್ಲಿ ಊರು ಬಿಟ್ಟು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರ ಕಥೆ ನಮ್ಮ ಪ್ರತಿ ಗ್ರಾಮದಲ್ಲೂ ಉಂಟು. ಆಗ ಕೊಂಕಣ ರೈಲು ಇರಲಿಲ್ಲ. ಅದು ಬಂದದ್ದು 1998ರಲ್ಲಿ. ಬೊಂಬಾಯಿಗೆ ಹೋಗುವವರು ಕಡಲ ದಾರಿಯಲ್ಲಿ ಹಡಗು ಹಿಡಿಯಬೇಕಿತ್ತು, ಇಲ್ಲವೇ ಘಟ್ಟ ಹತ್ತಿ ಆಚೆ ರೈಲು ಹಿಡಿಯಬೇಕಿತ್ತು. ಹೆಬ್ಬಾರರೂ ಬೊಂಬಾಯಿ ಸೇರಿದರು. ಆದರೆ ಅವರು ಹುಡುಕಿಕೊಂಡು ಹೋದ ಬಾಗಿಲು ಬೇರೆ.

ಅದು ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್. ಪಾರ್ಸಿ ವ್ಯಾಪಾರಿ ಜಮ್ಶೇಟ್‌ಜಿ ಜೀಜೀಭಾಯಿ ಕೊಟ್ಟ 1 ಲಕ್ಷ ರೂಪಾಯಿ ದಾನದಿಂದ 1857ರಲ್ಲಿ ಶುರುವಾದ ಶಾಲೆ. ಆ ಕಾಲದ 1 ಲಕ್ಷ ಅಂದರೆ ಎಷ್ಟು ದೊಡ್ಡ ಮೊತ್ತ ಎಂದು ವ್ಯಾಪಾರಸ್ಥರೇ ಲೆಕ್ಕ ಹಾಕಿಕೊಳ್ಳಲಿ. ಒಬ್ಬ ವ್ಯಾಪಾರಿ ಕೊಟ್ಟ ಹಣ ಮುಂದೆ ದೇಶದ ಎಷ್ಟೋ ಕಲಾವಿದರನ್ನು ತಯಾರು ಮಾಡಿತು. ಬ್ರಿಟಿಷರಿಗೆ ಮೊದಲು ಬೇಕಿದ್ದದ್ದು ಒಳ್ಳೆಯ ಕುಶಲಕರ್ಮಿಗಳು. ಬೊಂಬಾಯಿಗೆ ಹೋದ ನಮ್ಮವರೆಲ್ಲ ಕಂಡ ವಿ.ಟಿ. ಸ್ಟೇಷನ್ ಉಂಟಲ್ಲ, ಅದರ ಗೋಡೆಯ ಕೆತ್ತನೆ, ಅಲಂಕಾರದಲ್ಲಿ ಈ ಶಾಲೆಯ ವಿದ್ಯಾರ್ಥಿಗಳ ಕೈ ಇದೆ. ಅಜಂತಾ ಗುಹೆಗಳ ಚಿತ್ರಗಳನ್ನು 19ನೇ ಶತಮಾನದಲ್ಲೇ ನಕಲು ಮಾಡಿಸಿ ಜಗತ್ತಿಗೆ ತೋರಿಸಿದ್ದೂ ಇದೇ ಶಾಲೆಯ ಪ್ರಾಂಶುಪಾಲ ಜಾನ್ ಗ್ರಿಫಿತ್ಸ್ ಮತ್ತು ಅವರ ಶಿಷ್ಯರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈಗ ಚಿತ್ರಕಲೆಗೆ ವಿಶ್ವವಿದ್ಯಾನಿಲಯದ ಡಿಗ್ರಿ ಉಂಟು. ಹೆಬ್ಬಾರರ ಕಾಲದಲ್ಲಿ ಜೆ.ಜೆ. ಶಾಲೆಯಲ್ಲಿ ಸಿಗುತ್ತಿದ್ದದ್ದು ಡಿಪ್ಲೊಮಾ. ಅವರು ಆ ಡಿಪ್ಲೊಮಾ ಪಡೆದದ್ದು 1938ರಲ್ಲಿ, ಅಂದರೆ ಸುಮಾರು 27ರ ಪ್ರಾಯದಲ್ಲಿ. ಈಗಿನ ಮಕ್ಕಳು 21, 22ಕ್ಕೆ ಡಿಗ್ರಿ ಮುಗಿಸಿ ಕೆಲಸ ಸಿಗಲಿಲ್ಲ ಎಂದು ತಲೆಗೆ ಕೈ ಇಟ್ಟು ಕೂರುತ್ತಾರೆ. ದೇಶದ ದೊಡ್ಡ ಕಲಾವಿದರಲ್ಲಿ ಒಬ್ಬರಾದ ಇವರು 27ಕ್ಕೆ ಇನ್ನೂ ವಿದ್ಯಾರ್ಥಿ.

ಶಾಲೆ ಕೊಟ್ಟದ್ದು ಏನು?

ಚಿತ್ರಕಲೆ ಹುಟ್ಟಿನಿಂದಲೇ ಬರಬೇಕು, ಕಲಿಸಿದರೆ ಬರುವುದಿಲ್ಲ ಎಂದು ಹೇಳುವವರು ನಮ್ಮಲ್ಲಿ ಜಾಸ್ತಿ. ಆಸಕ್ತಿ ಹುಟ್ಟಿನಿಂದ ಬರಬಹುದು, ಕೈ ಪಳಗುವುದು ಮಾತ್ರ ಅಭ್ಯಾಸದಿಂದಲೇ. ಜೆ.ಜೆ.ಯಂಥ ಶಾಲೆಗಳಲ್ಲಿ ಅಂದು ಮೊದಲು ಕೂರಿಸುತ್ತಿದ್ದದ್ದು ಪ್ಲಾಸ್ಟರಿನ ಮೂರ್ತಿಗಳ ಎದುರು. ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ತಿರುಗುತ್ತದೆ ಎಂದು ನೋಡಿ ನೋಡಿ ಬರೆಯಬೇಕು. ಆಮೇಲೆ ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿ ಚಿತ್ರಿಸುವುದು. ಮೂಳೆ ಹೇಗೆ, ಸ್ನಾಯು ಹೇಗೆ, ದೂರದ ವಸ್ತು ಸಣ್ಣದಾಗಿ ಕಾಣುವುದು ಯಾಕೆ ಎಂಬುದನ್ನೆಲ್ಲ ಕಲಿಯಬೇಕು. ಯುರೋಪಿನ ಶಾಲೆಗಳಿಂದ ತಂದ ಪಾಠಕ್ರಮ ಅದು. ಬಡಗಿಯ ಮಗನಿಗೆ ಉಳಿ ಹಿಡಿಯಲು, ಅಕ್ಕಸಾಲಿಗನ ಮಗನಿಗೆ ಊದುಕೊಳವೆ ಹಿಡಿಯಲು ವರ್ಷಗಟ್ಟಲೆ ಬೇಕು. ಇದೂ ಹಾಗೆಯೇ.

ಹೆಬ್ಬಾರರು ಈ ಕಲಿಕೆಯನ್ನು ಪೂರ್ತಿ ಅರಗಿಸಿಕೊಂಡರು. ಎದುರಿಗೆ ಇದ್ದದ್ದನ್ನು ಇದ್ದಂತೆ ಬರೆಯುವ ಕೈಚಳಕ ಬಂತು. ಮುಂದೆಯೂ ಅವರು ಒಳ್ಳೆಯ ಭಾವಚಿತ್ರಗಳನ್ನು ಬರೆದರು. ಆದರೆ ಅಷ್ಟಕ್ಕೇ ಅವರಿಗೆ ಸಮಾಧಾನ ಆಗಲಿಲ್ಲ. ಯುರೋಪಿನವರ ಕಣ್ಣಿನಿಂದ ನೋಡಲು ಕಲಿತಾಯಿತು, ನಮ್ಮವರು ಹೇಗೆ ನೋಡುತ್ತಿದ್ದರು ಎಂಬುದು ಅವರನ್ನು ಕಾಡಿತು. ಜೈನರ ಹಸ್ತಪ್ರತಿಗಳಲ್ಲಿನ ಸಣ್ಣ ಚಿತ್ರ, ರಜಪೂತ ಮತ್ತು ಮೊಘಲರ ಕಾಲದ ಚಿತ್ರ, ಅಜಂತಾದ ಗೋಡೆಚಿತ್ರ, ಇವುಗಳತ್ತ ತಿರುಗಿದರು. ಅಲ್ಲಿ ನೆರಳು ಬೆಳಕಿನ ಆಟ ಕಡಿಮೆ. ಗೆರೆ ಮತ್ತು ಬಣ್ಣವೇ ಎಲ್ಲವನ್ನೂ ಹೇಳುತ್ತದೆ. ನಾಗಮಂಡಲ ಬರೆಯುವ ಊರಿನಿಂದ ಬಂದವರಿಗೆ ಅದು ತೀರಾ ಹೊಸತಲ್ಲ.

ಆ ಕಾಲಕ್ಕೆ ಅವರನ್ನು ಹಿಡಿದು ನಿಲ್ಲಿಸಿದ ಇಬ್ಬರು ಕಲಾವಿದರು ಇದ್ದರು. ಒಬ್ಬರು ಫ್ರಾನ್ಸಿನ ಪಾಲ್ ಗೊಗ್ಯಾಂ. ಪ್ಯಾರಿಸ್ ಬಿಟ್ಟು ತಾಹಿತಿ ದ್ವೀಪಕ್ಕೆ ಹೋಗಿ ಅಲ್ಲಿನ ಜನರನ್ನು ಗಾಢ ಬಣ್ಣದಲ್ಲಿ ಬರೆದವರು. ಇನ್ನೊಬ್ಬರು ಅಮೃತಾ ಶೇರ್‌ಗಿಲ್. ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲೆ ಕಲಿತು, 1930ರ ದಶಕದಲ್ಲಿ ಭಾರತಕ್ಕೆ ಬಂದು, ದಕ್ಷಿಣ ಭಾರತವನ್ನೆಲ್ಲ ಸುತ್ತಿ, ಸಂತೆಗೆ ಹೋಗುವ ಹಳ್ಳಿಯವರನ್ನು, ಬ್ರಹ್ಮಚಾರಿಗಳನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಬರೆದ ಮಹಿಳೆ. ಅಷ್ಟು ದೂರದಿಂದ ಬಂದವರು ನಮ್ಮ ಜನರಲ್ಲಿ ಚಿತ್ರ ಕಂಡರು. ಹೆಬ್ಬಾರರೂ ಊರಿನ ಕಡೆ ಮುಖ ಮಾಡಿದರು. ತುಳುನಾಡು, ಕೇರಳದ ಕರಾವಳಿಯ ಹೆಂಗಸರು, ತೆಂಗಿನ ತೋಟ, ಕೆಂಪು ಮಣ್ಣು, ಹಳ್ಳಿಯ ದುಡಿಮೆ ಅವರ ಚಿತ್ರಕ್ಕೆ ಬಂದವು. ಕಲೆಯ ಬಗ್ಗೆ ಬರೆಯುವವರು ಇದನ್ನು ಅವರ ಕೇರಳ ಘಟ್ಟ ಎಂದು ಕರೆಯುತ್ತಾರೆ.

ಸಂಬಳದ ಕೆಲಸ, ಆಮೇಲೆ

ಈಗ ಹೊಟ್ಟೆಪಾಡಿನ ಪ್ರಶ್ನೆಗೆ ಬರೋಣ. ಹೆಬ್ಬಾರರು ಡಿಪ್ಲೊಮಾ ಮುಗಿಸಿದ ಕೂಡಲೇ ಚಿತ್ರ ಮಾರಿ ಶ್ರೀಮಂತರಾದರು ಎಂದು ಯಾರೂ ತಿಳಿಯುವುದು ಬೇಡ. ಕಲಿತ ಶಾಲೆಯಲ್ಲೇ ಅವರು ಮೇಷ್ಟ್ರಾದರು. 1940ರಿಂದ 1945ರವರೆಗೆ ಜೆ.ಜೆ. ಶಾಲೆಯಲ್ಲಿ ಕಲಿಸಿದರು. ಅದು ಎರಡನೇ ಮಹಾಯುದ್ಧದ ಕಾಲ. ಅಂಥ ಕಾಲದಲ್ಲಿ ಒಂದು ಸಂಬಳ ಇದ್ದದ್ದು ಸಣ್ಣ ಸಂಗತಿಯಲ್ಲ. ಪಾಠ ಮಾಡುತ್ತಲೇ ತಮ್ಮ ಚಿತ್ರವನ್ನೂ ಮುಂದುವರಿಸಿದರು.

ಆಮೇಲೆ ಆ ಕೆಲಸ ಬಿಟ್ಟು ಚಿತ್ರಕಲೆಯನ್ನೇ ವೃತ್ತಿ ಮಾಡಿಕೊಂಡರು. ಯೋಚಿಸಿ ನೋಡಿ: ಕೈಯಲ್ಲಿದ್ದ ಮೇಷ್ಟ್ರ ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕುವವರಿಗೆ ಎಷ್ಟು ಧೈರ್ಯ ಬೇಕು? ಅಂಗಡಿಯಲ್ಲಾದರೂ ಅಕ್ಕಿ, ಸಕ್ಕರೆ ಇಟ್ಟರೆ ಗಿರಾಕಿ ಬಂದೇ ಬರುತ್ತಾರೆ. ಇಲ್ಲಿ ಮಾರುವ ವಸ್ತು ಚಿತ್ರ. 1947ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಅವರಿಗೆ ಬಂತು. ಅದೇ ವರ್ಷ ಬೊಂಬಾಯಿಯಲ್ಲಿ ಸೋಜ, ರಜಾ, ಆರಾ, ಹುಸೇನ್ ಮೊದಲಾದವರು ಸೇರಿ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಗುಂಪು ಕಟ್ಟಿದರು. ಹೆಬ್ಬಾರರು ಅವರ ನಡುವೆಯೇ ಇದ್ದರೂ ಆ ಗುಂಪಿನ ಸದಸ್ಯರಾಗಲಿಲ್ಲ. ತಮ್ಮ ದಾರಿಯಲ್ಲಿ ತಾವು ನಡೆದರು.

38ಕ್ಕೆ ಮತ್ತೆ ವಿದ್ಯಾರ್ಥಿ

1949ರಲ್ಲಿ ಹೆಬ್ಬಾರರು ಪ್ಯಾರಿಸ್‌ಗೆ ಹೋದರು. ತಿರುಗಾಟಕ್ಕಲ್ಲ, ಕಲಿಯಲು. ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಗೆ ಸೇರಿ 1950ರವರೆಗೆ ಅಲ್ಲಿದ್ದರು. ಇದು 1868ರಲ್ಲಿ ಶುರುವಾದ ಖಾಸಗಿ ಶಾಲೆ. ಪ್ಯಾರಿಸ್‌ನ ಸರಕಾರಿ ಕಲಾಶಾಲೆ ಹೆಂಗಸರನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲೇ ಇಲ್ಲಿ ಅವರಿಗೆ ಪ್ರವೇಶ ಇತ್ತು. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಿದ್ದರು.

ಆಗ ಹೆಬ್ಬಾರರಿಗೆ 38 ವರ್ಷ. ಡಿಪ್ಲೊಮಾ ಆಗಿತ್ತು, ಐದು ವರ್ಷ ಮೇಷ್ಟ್ರಾಗಿ ದುಡಿದಾಗಿತ್ತು, ಚಿನ್ನದ ಪದಕ ಮನೆಯಲ್ಲಿತ್ತು. ನಮ್ಮಲ್ಲಿ ಇಷ್ಟಾದ ಮೇಲೆ ಇನ್ನೆಂತ ಕಲಿಯುವುದು ಎಂದು ಹೇಳುವವರೇ ಹೆಚ್ಚು. ಅವರು ಮಾತ್ರ ತಮಗಿಂತ ಸಣ್ಣವರ ಸಾಲಿನಲ್ಲಿ ಕುಳಿತು ಮತ್ತೆ ಪಾಠ ಕೇಳಿದರು. ಪುಸ್ತಕದಲ್ಲಿ ಮಾತ್ರ ನೋಡಿದ್ದ ಯುರೋಪಿನ ಚಿತ್ರಗಳನ್ನು ಮ್ಯೂಸಿಯಂಗಳಲ್ಲಿ ಎದುರಿಗೇ ನೋಡುವ ಅವಕಾಶವೂ ಆಯಿತು.

ಪ್ಯಾರಿಸ್‌ಗೆ ಹೋಗಿ ಬಂದವರು ಪ್ಯಾರಿಸ್‌ನ ಬೀದಿಗಳನ್ನೇ ಬರೆದುಕೊಂಡು ಕೂರಬಹುದಿತ್ತು. ಹೆಬ್ಬಾರರಲ್ಲಿ ಹಾಗಾಗಲಿಲ್ಲ. ಅಲ್ಲಿಂದ ಬಂದ ಮೇಲೆ ಅವರ ಬಣ್ಣ ದಪ್ಪವಾಯಿತು, ಆಕಾರಗಳು ಸರಳವಾದವು, ವಿಷಯ ಮಾತ್ರ ಇನ್ನಷ್ಟು ನಮ್ಮದಾಯಿತು. ನಾಗಮಂಡಲ ಅವರ ಹೆಸರಾಂತ ಚಿತ್ರಗಳಲ್ಲಿ ಒಂದು. ಕೋಳಿ ಅಂಕವನ್ನು ಬರೆದರು, ಮೀನುಗಾರರನ್ನು ಬರೆದರು, ಜಾತ್ರೆ, ಕುಣಿತ, ವಾದ್ಯದವರನ್ನು ಬರೆದರು. ಬಡತನ, ಹಸಿವು, ಅಣುಬಾಂಬಿನ ನಾಶವೂ ಅವರ ಕ್ಯಾನ್ವಾಸಿಗೆ ಬಂತು. ಕೈ ಪಳಗಿದ್ದು ಬೊಂಬಾಯಿ, ಪ್ಯಾರಿಸ್‌ನಲ್ಲಿ. ನೋಡುವ ಕಣ್ಣು ಕಟ್ಟಿಂಗೇರಿಯದ್ದೇ.

ಗೆರೆಗಾಗಿ ಕುಣಿತ ಕಲಿತರು

ಹೆಬ್ಬಾರರ ಹೆಸರು ಹೇಳಿದರೆ ಕಲೆ ಗೊತ್ತಿದ್ದವರು ಮೊದಲು ನೆನೆಯುವುದು ಅವರ ರೇಖಾಚಿತ್ರಗಳನ್ನು. ಬಣ್ಣ ಇಲ್ಲ, ನೆರಳು ಇಲ್ಲ. ಒಂದೇ ಗೆರೆ ಎಲ್ಲಿಯೂ ತಡವರಿಸದೆ ಓಡುತ್ತದೆ. ಅದು ಮುಗಿಯುವಾಗ ಕಾಗದದ ಮೇಲೆ ನರ್ತಕಿ ತಿರುಗುತ್ತಿರುತ್ತಾಳೆ, ಮದ್ದಳೆಯವ ಬಾರಿಸುತ್ತಿರುತ್ತಾನೆ. ನೋಡಲು ಎರಡು ನಿಮಿಷದ ಕೆಲಸ ಅನಿಸುತ್ತದೆ. ಮಾಡಿ ನೋಡಿದವರಿಗೆ ಅದರ ಕಷ್ಟ ಗೊತ್ತು.

ಈ ಗೆರೆಯ ಹಿಂದೆಯೂ ಒಂದು ಕಲಿಕೆ ಉಂಟು. ಕುಣಿತದ ಲಯ ಒಳಗಿನಿಂದ ಗೊತ್ತಾಗದೆ ಕುಣಿಯುವವರನ್ನು ಬರೆಯಲಾಗದು ಎಂದು ಅವರಿಗೆ ಅನಿಸಿತು. ಅದಕ್ಕೆ ಕಥಕ್ ಗುರು ಪಂಡಿತ್ ಸುಂದರ್ ಪ್ರಸಾದ್ ಅವರ ಬಳಿ ಎರಡು ವರ್ಷ ಕಥಕ್ ಅಭ್ಯಾಸ ಮಾಡಿದರು. ವೇದಿಕೆ ಹತ್ತುವ ಆಸೆಯಿಂದಲ್ಲ, ತಮ್ಮ ಗೆರೆಗೆ ತಾಳ ಸಿಗಲಿ ಎಂದು. ರೇಖಾಚಿತ್ರಗಳ ಅವರ ಪುಸ್ತಕ 1960ರ ದಶಕದಲ್ಲಿ ಹೊರಬಂತು. ಅದರ ಹೆಸರು ಸಿಂಗಿಂಗ್ ಲೈನ್, ಅಂದರೆ ಹಾಡುವ ಗೆರೆ. ಅವರ ಮಗಳ ಹೆಸರೂ ರೇಖಾ. ರೇಖಾ ರಾವ್ ಕೂಡ ಹೆಸರು ಮಾಡಿದ ಚಿತ್ರ ಕಲಾವಿದೆ.

ಗೌರವಗಳು ಒಂದರ ಹಿಂದೆ ಒಂದು ಬಂದವು. ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ, ಕರ್ನಾಟಕದ ವರ್ಣಶಿಲ್ಪಿ ವೆಂಕಟಪ್ಪ ಪ್ರಶಸ್ತಿ, ಮಹಾರಾಷ್ಟ್ರದ ಗೌರವ ಪುರಸ್ಕಾರ. ಇಟಲಿಯ ವೆನಿಸ್, ಬ್ರೆಜಿಲ್‌ನ ಸಾವೊ ಪಾಲೊ ನಗರಗಳ ಅಂತಾರಾಷ್ಟ್ರೀಯ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ತೂಗಿದವು. ಪದ್ಮಶ್ರೀ ಬರುವಾಗ ಅವರಿಗೆ 50ರ ಹತ್ತಿರ. ಡಿಪ್ಲೊಮಾ ಮುಗಿಸಿ ಆಗಲೇ 23 ವರ್ಷ ಕಳೆದಿತ್ತು. ಫಲ ಬರುವುದಕ್ಕೆ ಅಷ್ಟು ಸಮಯ ಹಿಡಿಯಿತು.

ಈಗ ಕಲಿಯುವವರಿಗೆ

ಹೆಬ್ಬಾರರ ಕಥೆ ಓದಿ ಮಕ್ಕಳೆಲ್ಲ ಹೆಬ್ಬಾರರಾಗುತ್ತಾರೆ ಎಂದು ಹೇಳುವುದು ಸರಿಯಲ್ಲ. ಇಂಜಿನಿಯರಿಂಗ್ ಕಲಿತವರೆಲ್ಲ ವಿಶ್ವೇಶ್ವರಯ್ಯ ಆಗಿದ್ದಾರಾ? ಆದರೂ ನಾವು ಮಕ್ಕಳನ್ನು ಇಂಜಿನಿಯರಿಂಗಿಗೆ ಕಳಿಸುತ್ತೇವೆ. ಅದೇ ಅಳತೆಗೋಲಿನಲ್ಲಿ ಚಿತ್ರಕಲೆಯನ್ನೂ ನೋಡಬೇಕು.

ಈಗ ದೃಶ್ಯಕಲೆಗೆ ಬಿ.ವಿ.ಎ. ಎಂಬ ಪದವಿ ಉಂಟು. ಪಿಯುಸಿ ಆದ ಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷ. ಚಿತ್ರಕಲೆ, ಶಿಲ್ಪಕಲೆ, ಮುದ್ರಣ ಕಲೆ, ಅನ್ವಯಿಕ ಕಲೆ ಎಂದು ವಿಭಾಗಗಳಿವೆ. ಬೊಂಬಾಯಿಗೆ ಹಡಗು ಹತ್ತಬೇಕಾದ ಕಾಲ ಹೋಯಿತು. ಮಂಗಳೂರಿನಲ್ಲಿ ಮಹಾಲಸಾ ದೃಶ್ಯಕಲಾ ಕಾಲೇಜು ಇದೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರೂ ಕಾವಾ ಎಂದು ಕರೆಯುವುದು ಅದನ್ನೇ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು. ಸೇರುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ತರಗತಿ ನೋಡಿ, ಫೀಸು, ಹಾಸ್ಟೆಲು, ಯಾವ ವಿಶ್ವವಿದ್ಯಾನಿಲಯದ ಮಾನ್ಯತೆ ಎಂಬುದನ್ನೆಲ್ಲ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೈಸ್ಕೂಲಿನಲ್ಲಿ ಇರುವವರು ಡ್ರಾಯಿಂಗ್ ಲೋವರ್, ಹೈಯರ್ ಗ್ರೇಡ್ ಪರೀಕ್ಷೆ ಬರೆದರೆ ಕೈ ಎಷ್ಟು ಓಡುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ.

ಕೆಲಸದ ಮಾತು ಹೇಳುವುದಾದರೆ ಹೆಬ್ರಿ ಪೇಟೆಯಲ್ಲೇ ಕಣ್ಣು ಹಾಯಿಸಿದರೆ ಸಾಕು. ಅಂಗಡಿಯ ಬೋರ್ಡು, ಫ್ಲೆಕ್ಸು, ಮದುವೆ ಕಾಗದ, ಪ್ಯಾಕೆಟಿನ ಮೇಲಿನ ಚಿತ್ರ, ಶಾಮಿಯಾನದವರ ಮಂಟಪ, ದೇವಸ್ಥಾನದ ಬಣ್ಣ, ಯಾವುದಾದರೂ ಯಾರೋ ಒಬ್ಬರು ಕೂತು ಯೋಚಿಸಿ ಮಾಡಿದ್ದು. ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವರಿಗೂ ಯಾವ ಬಣ್ಣದ ಪಕ್ಕ ಯಾವುದು ನಿಲ್ಲುತ್ತದೆ, ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕ ಗೊತ್ತಿರಬೇಕು. ಕಲಿತವರ ಕೆಲಸಕ್ಕೂ ಕಲಿಯದವರ ಕೆಲಸಕ್ಕೂ ವ್ಯತ್ಯಾಸ ಬೋರ್ಡು ನೋಡಿದ ಕೂಡಲೇ ವ್ಯಾಪಾರಸ್ಥರಿಗೆ ತಿಳಿಯುತ್ತದೆ. ಅದರ ಮೇಲೆ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಕೆಲಸ, ಜಾಹೀರಾತು, ಅನಿಮೇಷನ್, ಸಿನಿಮಾದ ಕಲಾ ವಿಭಾಗ ಎಂಬ ದಾರಿಗಳಿವೆ. ಹೆಬ್ಬಾರರೂ ಮೊದಲು ಹಿಡಿದದ್ದು ಶಿಕ್ಷಕರ ದಾರಿಯನ್ನೇ.

ಅವರ ಬದುಕಿನಿಂದ ಮನೆಯವರು ತಿಳಿಯಬೇಕಾದದ್ದು ಇಷ್ಟು. ಚಿತ್ರಕಲೆ ಅಂದರೆ ಓದು ತಲೆಗೆ ಹತ್ತದವರು ಆರಿಸುವ ಸುಲಭದ ದಾರಿ ಅಲ್ಲ. 27ರವರೆಗೆ ಡಿಪ್ಲೊಮಾ, ಐದು ವರ್ಷ ಮೇಷ್ಟ್ರಗಿರಿ, 38ಕ್ಕೆ ಪ್ಯಾರಿಸ್, ಅದು ಸಾಲದು ಎಂದು ಎರಡು ವರ್ಷ ಕಥಕ್. ಅಷ್ಟು ಕಲಿಯುವ ಹಸಿವು ಮಗುವಿನಲ್ಲಿ ಉಂಟಾ ಎಂದು ನೋಡಬೇಕು. ಉಂಟು ಎಂದಾದರೆ ತಡೆಯುವುದು ಬೇಡ. ಮಕ್ಕಳಿಗೂ ಒಂದು ಮಾತು: ಕಲಿಯಲು ಎಷ್ಟು ದೂರ ಹೋದರೂ, ಬರೆಯಲು ಬೇಕಾದದ್ದು ಬೆನ್ನ ಹಿಂದೆ ಊರಿನಲ್ಲೇ ಇರಬಹುದು.

ಹೆಬ್ಬಾರರ ಮೂಲ ಚಿತ್ರಗಳನ್ನು ನೋಡಬೇಕು ಎನ್ನುವವರಿಗೆ ಬೆಂಗಳೂರಿನ ಕಬ್ಬನ್ ಪಾರ್ಕ್ ಬದಿಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವರ ಚಿತ್ರಗಳ ಸಂಗ್ರಹ ಇದೆ. ಅಷ್ಟು ದೂರ ಆಗುವುದಿಲ್ಲ ಎಂದಾದರೆ ಅವರ ಹೆಸರಿನದ್ದೇ ಹೆಬ್ಬಾರ್ ಗ್ಯಾಲರಿ ಮತ್ತು ಆರ್ಟ್ಸ್ ಸೆಂಟರ್ ಮಣಿಪಾಲದಲ್ಲಿ ಉಂಟು. ಹೆಬ್ರಿ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಬಸ್ಸು ಹತ್ತಿದರೆ ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲದಲ್ಲಿ ಇಳಿಯಬಹುದು. ಯಾವ ಪ್ರದರ್ಶನ ನಡೆಯುತ್ತಿದೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಚಿತ್ರ ಬಿಡಿಸುವ ಮಗು ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗಿ.